ಗಡ್ಡೆ ತಡೆಯುವ ಜೀನ್‌ಗಳು ಮತ್ತು ಇಲಿಯ ಪ್ರಾಸ್ಟೇಟ್

ಇಲಿಗಳಿಗೆ ಪ್ರಾಸ್ಟೇಟ್ ಕ್ಯಾನ್ಸರ್ ತಾನಾಗಿ ಬರುವುದು ತೀರಾ ಅಪರೂಪ. ವಯಸ್ಸಾದ ಗಂಡಸರನ್ನು ಇಷ್ಟೊಂದು ಕಾಡುವ ಈ ರೋಗವನ್ನು ಇಲಿಯಲ್ಲಿ ನೋಡಬೇಕೆಂದರೆ ಅಲ್ಲಿ ಅದನ್ನು ಹುಟ್ಟಿಸಬೇಕು. ಜೀವಕೋಶ ಅಂಕೆ ಮೀರದಂತೆ ತಡೆಯುವ ಜೀನ್‌ಗಳನ್ನು ಒಂದೊಂದಾಗಿ ತೆಗೆದುಹಾಕುವುದು ಅದಕ್ಕಿರುವ ಒಳ್ಳೆಯ ದಾರಿ.

ಇವುಗಳಲ್ಲಿ ಮೊದಲು ಹೇಳಬೇಕಾದದ್ದು 1997ರಲ್ಲಿ ಪತ್ತೆಯಾದ ಪಿಟೆನ್. ಮನುಷ್ಯರ 10ನೇ ಕ್ರೋಮೋಸೋಮಿನಲ್ಲಿರುವ ಈ ಜೀನ್, ಉಲ್ಬಣಿಸಿದ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಆಗಾಗ ಕಳೆದುಹೋಗಿರುತ್ತದೆ. ಕೋಶಪೊರೆಯ ಒಂದು ಕೊಬ್ಬಿನ ಅಣು ಬೆಳವಣಿಗೆಯ ಸಂದೇಶವನ್ನು ಒಳಕ್ಕೆ ದಾಟಿಸುತ್ತದೆ; ಪಿಟೆನ್ ತಯಾರಿಸುವ ಕಿಣ್ವ ಆ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು ಸಂದೇಶವನ್ನು ಅಡಗಿಸುತ್ತದೆ. ಎರಡೂ ಪ್ರತಿ ಇಲ್ಲದ ಇಲಿಮರಿ ಗರ್ಭದಲ್ಲೇ ಸಾಯುತ್ತದೆ. ಅದಕ್ಕಾಗಿ ‘ಕ್ರೀ’ ಎಂಬ ಕತ್ತರಿಸುವ ಕಿಣ್ವ ಪ್ರಾಸ್ಟೇಟ್ ಕೋಶಗಳಲ್ಲಷ್ಟೇ ಹುಟ್ಟುವಂತೆ ಮಾಡಿ, ಅಲ್ಲಿ ಮಾತ್ರ ಜೀನನ್ನು ಅಳಿಸುತ್ತಾರೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2003ರಲ್ಲಿ ವರದಿ ಮಾಡಿದಂತೆ, ಇಂಥ ಇಲಿಗಳಲ್ಲಿ 6 ವಾರಕ್ಕೇ ಕ್ಯಾನ್ಸರ್‌ಪೂರ್ವ ಬದಲಾವಣೆಗಳು ಕಾಣಿಸಿಕೊಂಡವು. 9 ವಾರ ದಾಟಿದ ಮೇಲೆ ಅವು ಸುತ್ತಲ ಅಂಗಾಂಶಕ್ಕೆ ನುಗ್ಗುವ ಕ್ಯಾನ್ಸರ್ ಆದವು.

ಕುತೂಹಲದ ತಿರುವು ಇರುವುದು ಪಿ53 ಜೀನಿನಲ್ಲಿ. ಇದೊಂದನ್ನೇ ತೆಗೆದರೆ ಇಲಿಯ ಪ್ರಾಸ್ಟೇಟ್‌ಗೆ ಏನೂ ಆಗುವುದಿಲ್ಲ. ಆದರೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್-ಕೆಟರಿಂಗ್ ಸಂಸ್ಥೆಯ ಸಂಶೋಧಕರು 2005ರಲ್ಲಿ ಪಿಟೆನ್ ಮತ್ತು ಪಿ53 ಎರಡನ್ನೂ ಒಟ್ಟಿಗೆ ತೆಗೆದಾಗ, ಇಲಿಗಳು 7 ತಿಂಗಳೊಳಗೆ ಸತ್ತವು. ಪಿಟೆನ್ ಪೂರ್ತಿ ಇಲ್ಲವಾದ ಕೋಶದಲ್ಲಿ ಪಿ53 ಎಚ್ಚೆತ್ತು, ಆ ಕೋಶವನ್ನು ಬದುಕಿದ್ದೂ ವಿಭಜನೆಯಾಗದ ಮುಪ್ಪಿಗೆ ದೂಡುತ್ತದೆ. ಪಿಟೆನ್ ಒಂದನ್ನೇ ತೆಗೆದಾಗ ರೋಗ ನಿಧಾನವಾಗಿ ಸಾಗುವುದು ಈ ತಡೆಯಿಂದಲೇ. ಗಡ್ಡೆ ತಡೆಯುವ ಜೀನ್ ಹೋದಷ್ಟೂ ರೋಗಕ್ಕೆ ಅನುಕೂಲ ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸ್ಮ್ಯಾಡ್4 ಕೂಡ ಇದೇ ಜಾತಿಯದು. ಪಿಟೆನ್ ಜೊತೆಗೆ ಇದೂ ಇಲ್ಲವಾದರೆ ಕ್ಯಾನ್ಸರ್ ದುಗ್ಧಗ್ರಂಥಿಗಳಿಗೂ ಶ್ವಾಸಕೋಶಕ್ಕೂ ಹರಡುತ್ತದೆ ಎಂಬುದು 2011ರಲ್ಲಿ ತಿಳಿಯಿತು. ಎನ್‌ಕೆಎಕ್ಸ್3.1 ಎಂಬ ಇನ್ನೊಂದು ಜೀನಿನ ಒಂದು ಪ್ರತಿ ಹೋದರೂ ಗ್ರಂಥಿಯ ಕೋಶಗಳು ಮಿತಿಮೀರಿ ಹೆಚ್ಚುತ್ತವೆ, ಆದರೆ ಅಷ್ಟರಿಂದಲೇ ಪೂರ್ಣ ಕ್ಯಾನ್ಸರ್ ಆಗದು.

ಚಿಕಿತ್ಸೆಯ ದೃಷ್ಟಿಯಿಂದ ಹೆಚ್ಚು ತೂಕದ್ದು ಆರ್‌ಬಿ1. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪಿಟೆನ್ ಮತ್ತು ಆರ್‌ಬಿ1 ಇಲ್ಲದ ಇಲಿಗಳ ಗಡ್ಡೆಯ ಕೋಶಗಳು ಗುರುತೇ ಬದಲಿಸಿ ನರಕೋಶಗಳ ಲಕ್ಷಣ ತೋರಿದವು. ಪಿ53 ಕೂಡ ಹೋದಾಗ ಗಂಡು ಹಾರ್ಮೋನು ತಪ್ಪಿಸುವ ಚಿಕಿತ್ಸೆಗೆ ಗಡ್ಡೆ ಜಗ್ಗಲಿಲ್ಲ. ರೋಗಿಗಳಲ್ಲಿ ಔಷಧ ಸೋಲುವ ಒಂದು ಬಗೆ ಇದೇ.

ಇಲಿಯ ಮಾದರಿಗೆ ಮಿತಿಗಳೂ ಇವೆ. ಅದರ ಪ್ರಾಸ್ಟೇಟ್ ಬಿಡಿಬಿಡಿ ಹಾಲೆಗಳಾಗಿದೆ, ಮನುಷ್ಯರದು ಒಂದೇ ಮುದ್ದೆ. ಮನುಷ್ಯರಲ್ಲಿ ದಶಕಗಳ ಕಾಲ ಒಂದೊಂದು ಕೋಶದಲ್ಲಿ ನಡೆಯುವ ಜೀನ್ ನಷ್ಟ, ಇಲಿಯಲ್ಲಿ ಅಸಂಖ್ಯ ಕೋಶಗಳಲ್ಲಿ ಒಮ್ಮೆಗೇ ಆಗುತ್ತದೆ. ದೊಡ್ಡ ಕೊರತೆ ಇದು: ರೋಗಿಗಳಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ಮೂಳೆಗೆ ಹರಡಿದರೆ, ಇಲಿಗಳಲ್ಲಿ ಹಾಗಾಗುವುದು ವಿರಳ.