ಹೊನ್ನು ಹೋದ ಮನೆಗೆ ಬಂದ ಮಗು

ಹೊಸವರ್ಷದ ಹಿಂದಿನ ರಾತ್ರಿ, ಹೊರಗೆ ಹಿಮ. ರಾವೆಲೋ ಎಂಬ ಇಂಗ್ಲಿಷ್ ಹಳ್ಳಿಯಲ್ಲಿ ಒಂಟಿ ನೇಕಾರನೊಬ್ಬ ಬಾಗಿಲು ತೆರೆದು ನಿಂತಲ್ಲೇ ಮೈಮರೆತಿದ್ದಾನೆ. ಆಗಾಗ ಬರುವ ಕಾಯಿಲೆ ಅದು. ಎಚ್ಚರವಾಗಿ ಒಳಗೆ ತಿರುಗಿದರೆ ಒಲೆಯ ಮುಂದೆ ಏನೋ ಹೊಳೆಯುತ್ತಿದೆ. ಕಳವಾದ ಚಿನ್ನವೇ ಮರಳಿತೆಂದು ಕೈಚಾಚುತ್ತಾನೆ. ಬೆರಳಿಗೆ ತಾಗಿದ್ದು ಮೆತ್ತನೆಯ ಗುಂಗುರು ಕೂದಲು.

ಜಾರ್ಜ್ ಎಲಿಯಟ್ 1861ರಲ್ಲಿ ಪ್ರಕಟಿಸಿದ 'ಸೈಲಸ್ ಮಾರ್ನರ್' ಕಾದಂಬರಿಯ ತಿರುವು ಇದು. ಗೆಳೆಯನ ವಂಚನೆಯಿಂದ ಕಳ್ಳನೆನಿಸಿಕೊಂಡು ಊರು ಬಿಟ್ಟ ಸೈಲಸ್, 15 ವರ್ಷ ಮಗ್ಗದ ಮುಂದೆ ಕೂತು ಕೂಡಿಟ್ಟದ್ದು 272 ಪೌಂಡಿಗೂ ಹೆಚ್ಚು. ಅದೂ ಹೋಗಿತ್ತು. ಮಗುವಿನ ತಾಯಿ ಹಿಮದಲ್ಲಿ ಸತ್ತಿದ್ದಾಳೆಂದು ತಿಳಿದ ಮೇಲೂ ಅವನು ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಸತ್ತ ತನ್ನ ಪುಟ್ಟ ತಂಗಿಯ ಹೆಸರನ್ನೇ ಇಟ್ಟ: ಎಪ್ಪಿ.

ಸಾಕುವ ಕಷ್ಟವನ್ನು ಎಲಿಯಟ್ ಮುಚ್ಚಿಡುವುದಿಲ್ಲ. ದೂರ ಹೋಗದಿರಲೆಂದು ಸೈಲಸ್ ಮಗುವನ್ನು ಬಟ್ಟೆಪಟ್ಟಿಯಿಂದ ಮಗ್ಗಕ್ಕೆ ಕಟ್ಟುತ್ತಾನೆ. ಅದು ಕತ್ತರಿ ಹುಡುಕಿ, ಪಟ್ಟಿ ಕತ್ತರಿಸಿ, ಕೆಸರಿನಲ್ಲಿ ಆಡಲು ಓಡುತ್ತದೆ. ಶಿಕ್ಷೆಯೆಂದು ಕಲ್ಲಿದ್ದಲಿನ ಗೂಡಿಗೆ ಹಾಕಿದರೆ, ಹೊರಗೆ ಬಂದದ್ದೇ ತಾನಾಗಿ ಮತ್ತೆ ಹೋಗಿ ಕೂರುತ್ತದೆ. ನೆರೆಯ ಡಾಲಿ ತನ್ನ ಮಗನ ಹಳೆಯ ಉಡುಪು ತರುತ್ತಾಳೆ, ಸ್ನಾನ ಮಾಡಿಸಲು ಕಲಿಸುತ್ತಾಳೆ. ಮಗುವಿನ ನೆಪದಲ್ಲಿ ಸೈಲಸ್ ಜನರ ಮನೆಬಾಗಿಲಿಗೆ ಹೋಗತೊಡಗುತ್ತಾನೆ. ಬದುಕು ಅವನಿಗೆ ಎರಡನೇ ಸಲ ಸಿಕ್ಕಿದ್ದು ಹೀಗೆ.

ಹೆತ್ತಪ್ಪ ಗಾಡ್‌ಫ್ರೀ ಅದೇ ಊರಿನ ಜಮೀನ್ದಾರನ ಮಗ. ಸತ್ತವಳು ತಾನು ಗುಟ್ಟಾಗಿ ಮದುವೆಯಾದ ಹೆಂಡತಿ ಎಂದು ಗೊತ್ತಿದ್ದೂ ಬಾಯಿಬಿಡದೆ ನ್ಯಾನ್ಸಿಯ ಕೈಹಿಡಿದ. ಅವರಿಗೆ ಮಕ್ಕಳು ಉಳಿಯಲಿಲ್ಲ. ದತ್ತು ಪಡೆಯುವುದೆಂದರೆ ದೈವದ ಇಚ್ಛೆಗೆ ಎದುರಾಗುವುದು ಎಂದು ನ್ಯಾನ್ಸಿ ಒಪ್ಪಿರಲಿಲ್ಲ. 16 ವರ್ಷದ ಮೇಲೆ ಗಾಡ್‌ಫ್ರೀ ಸತ್ಯ ಹೇಳಿ ಮಗಳನ್ನು ಕೇಳಲು ಬಂದರೆ, ಸಾಕಿದವನೇ ನನ್ನ ತಂದೆ ಎಂದು ಎಪ್ಪಿ ಅವನ ಸಿರಿತನವನ್ನು ತಿರಸ್ಕರಿಸುತ್ತಾಳೆ. ಕಾದಂಬರಿಯ ಅತ್ಯಂತ ಗಟ್ಟಿಯಾದ ದೃಶ್ಯ ಇದೇ. ಗಾಡ್‌ಫ್ರೀಯ ಪಶ್ಚಾತ್ತಾಪ ಸುಳ್ಳಲ್ಲ, ಆದರೂ ಅವನಿಗೆ ಎರಡನೇ ಅವಕಾಶ ಇಲ್ಲ.

ಎಲಿಯಟ್ ಎಂಬುದು ಮೇರಿ ಆನ್ ಇವಾನ್ಸ್ ಅವರ ಲೇಖನನಾಮ. ಮದುವೆಯಾಗದೆ ಜಿ. ಎಚ್. ಲ್ಯೂಯಿಸ್ ಜೊತೆ ಬಾಳಿದ್ದಕ್ಕೆ ಒಡಹುಟ್ಟಿದ ಅಣ್ಣ ಐಸಾಕ್ 1857ರಲ್ಲಿ ಸಂಬಂಧ ಕಡಿದುಕೊಂಡ. ಲ್ಯೂಯಿಸ್‌ನ ಹಿರಿಮಗ ಚಾರ್ಲ್ಸ್ 1860ರಲ್ಲಿ ಅವರೊಡನೆ ಇರಲು ಬಂದ. ಹಡೆಯದ ಆಕೆ ಅವನಿಗೆ ತಾಯಿಯಾದರು. ಈ ಕಾದಂಬರಿ ಬರೆದದ್ದು ಆ ದಿನಗಳಲ್ಲಿ.

ಇಂಗ್ಲೆಂಡಿನಲ್ಲಿ ದತ್ತು ಕಾನೂನು ಬಂದದ್ದು 1926ರಲ್ಲಿ. ಸೈಲಸ್‌ನ ಬಳಿ ಕಾಗದಪತ್ರ ಯಾವುದೂ ಇರಲಿಲ್ಲ, ಎಪ್ಪಿಯ ಮಾತೊಂದೇ ತೀರ್ಪು. ದತ್ತು ಪಡೆಯುವ ಮನಸ್ಸಿದ್ದೂ 'ಯಾರ ರಕ್ತವೋ ಏನೋ' ಎಂಬ ಹಿರಿಯರ ಮಾತಿಗೆ ಹಿಂಜರಿದವರು ಈ ಪುಸ್ತಕವನ್ನು ದಯವಿಟ್ಟು ಓದಬೇಕು. ಬಿಡುವಿಲ್ಲದಿದ್ದರೆ 14ನೆಯ ಅಧ್ಯಾಯವನ್ನಾದರೂ ಓದಿ, ಮನೆಯವರಿಗೂ ಓದಿಹೇಳಿ.