ಲೆಕ್ಕ ಮುಗಿಯದ ರಾತ್ರಿಗಳು

ಇಳಕಲ್ಲಿನ ಮಗ್ಗದ ಮನೆಯಿಂದಲೋ ಬಾದಾಮಿಯಿಂದಲೋ ಹೋಗಿ ಬೆಂಗಳೂರಿನ ಕಂಪನಿಯೊಂದರ ಹಣಕಾಸು ವಿಭಾಗ ಸೇರಿದ ನಿಮ್ಮ ಮಗ ರಾತ್ರಿ ಹತ್ತಾದರೂ ಫೋನಿಗೆ ಸಿಗುವುದಿಲ್ಲವೇ? ಮೊದಲು ತಿಂಗಳು ಯಾವುದೆಂದು ನೋಡಿ. ಷೇರುಪೇಟೆಯಲ್ಲಿರುವ ಕಂಪನಿಗಳು ವರ್ಷದ ಫಲಿತಾಂಶವನ್ನು ಮಾರ್ಚ್ ಮುಗಿದ 60 ದಿನಗಳೊಳಗೆ ಸಲ್ಲಿಸಬೇಕು. ಏಪ್ರಿಲ್, ಮೇ ಅವನಿಗೆ ಸುಗ್ಗಿ. ಸುಗ್ಗಿಯಲ್ಲಿ ನಾವೂ ಗಡಿಯಾರ ನೋಡುವುದಿಲ್ಲ.

ಆತಂಕಪಡಬೇಕಾದ್ದು ಸುಗ್ಗಿ ವರ್ಷವಿಡೀ ನಡೆದಾಗ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ತಿಳಿಸಿವೆ. ಮಗ ಊರಿಗೆ ಬಂದಾಗ ಸಂಬಳ ಕೇಳುವ ಮೊದಲು ನಿದ್ರೆ ಎಷ್ಟೆಂದು ಕೇಳಿ. ರಕ್ತದೊತ್ತಡವನ್ನೂ ಒಮ್ಮೆ ನೋಡಿಸಿ. ವಯಸ್ಸು ಇಪ್ಪತ್ತೆಂಟೇ ಎಂದು ಬಿಡಬೇಡಿ.