ಚಿನ್ನದ ನೆಲ: ಸಿಯೆನಾ, ಮಂಗಳೂರು, ಮೈಸೂರು

ಚಿತ್ರದಲ್ಲಿನ ಚಿನ್ನವನ್ನು ‘ವೈಭವ’ ಎಂಬ ಒಂದೇ ಪದದಿಂದ ವಿವರಿಸಿ ಮುಂದೆ ಸಾಗುವ ರೂಢಿ ನಮ್ಮ ಕಲಾಬರಹದಲ್ಲಿದೆ. ಇಟಲಿಯ ಮಧ್ಯಯುಗದ ಕೊನೆಯ ಕ್ರೈಸ್ತ ಭಕ್ತಿಚಿತ್ರಗಳ ಎದುರು ಈ ಪದ ಸಾಲದು. ಅಲ್ಲಿ ಚಿನ್ನವು ಹಿನ್ನೆಲೆಯನ್ನೆಲ್ಲ ಆವರಿಸಿ ಲೌಕಿಕ ಸ್ಥಳವನ್ನೇ ಇಲ್ಲವಾಗಿಸುತ್ತದೆ.

ಮರದ ಹಲಗೆಗೆ ಜಿಪ್ಸಂ ಹಾಗೂ ಅಂಟಿನ ಲೇಪ, ಅದರ ಮೇಲೆ ನುಣುಪಾದ ಕೆಮ್ಮಣ್ಣಿನ ಪದರ, ಅನಂತರ ಚಿನ್ನದ ರೇಕು. ಉಜ್ಜಿ ಹೊಳಪೇರಿಸಿದ ಈ ನೆಲ ಮೇಣದಬತ್ತಿಯ ಬೆಳಕಿನಲ್ಲಿ ನೋಡುವವನ ಚಲನೆಯೊಂದಿಗೆ ತಾನೂ ಮಿನುಗುತ್ತದೆ. ಸಿಯೆನಾದ ಸಿಮೋನೆ ಮಾರ್ತೀನಿ ಮತ್ತು ಲಿಪ್ಪೊ ಮೆಮ್ಮಿ 1333ರಲ್ಲಿ ರಚಿಸಿದ ಮಂಗಳವಾರ್ತೆಯ ಚಿತ್ರದಲ್ಲಿ ದೇವದೂತನ ವಂದನೆಯು ಅಕ್ಷರಗಳಾಗಿ ಮೂಡಿ, ಆ ನೆಲವನ್ನು ದಾಟಿ, ಹಿಂಜರಿದು ಕುಳಿತ ಮರಿಯಳತ್ತ ಸಾಗುತ್ತದೆ. ನಡುವೆ ಹೂದಾನಿಯಲ್ಲಿ ಲಿಲಿ ಹೂಗಳಿವೆ. ಲಿಲಿ ಪಾವಿತ್ರ್ಯದ ಸಂಕೇತವೆಂದು ಓದಿಬಿಡಬಹುದು. ಚಿನ್ನವನ್ನು ಹಾಗೆ ಓದಿ ಮುಗಿಸಲಾಗದು. ಸಂಕೇತಗಳೆಲ್ಲ ಅರ್ಥ ಪಡೆಯುವ ಕಾಲಾತೀತ ಆವರಣವೇ ಅದು.

1435ರಲ್ಲಿ ಆಲ್ಬೆರ್ತಿ ತನ್ನ ಚಿತ್ರಕಲಾಗ್ರಂಥದಲ್ಲಿ ಇದಕ್ಕೆ ಆಕ್ಷೇಪವೆತ್ತಿದ. ಡಿಡೋ ರಾಣಿಯ ಬತ್ತಳಿಕೆ ಚಿನ್ನದ್ದೇ ಆದರೂ ಅದರ ಹೊಳಪನ್ನು ಬಣ್ಣದಿಂದಲೇ ತೋರಿಸಬೇಕೆಂಬುದು ಅವನ ನಿಲುವು. ಯಥಾದರ್ಶನ ಬಲಗೊಂಡಂತೆ ಚಿನ್ನದ ನೆಲದ ಜಾಗಕ್ಕೆ ಆಕಾಶ, ಬೆಟ್ಟ, ಕಟ್ಟಡಗಳು ಬಂದವು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ 1899-1901ರ ಅವಧಿಯಲ್ಲಿ ರಚಿಸಿದ ಚಿತ್ರಗಳು ಈ ಎರಡನೆಯ ಪರಂಪರೆಯವು. ಕರ್ನಾಟಕದ ಅತಿ ಪ್ರಸಿದ್ಧ ಕ್ರೈಸ್ತ ಚಿತ್ರಾವಳಿಯನ್ನು ನೋಡಿ ಚಿನ್ನದ ನೆಲದ ಅನುಭವವನ್ನು ಊಹಿಸುವುದು ಆದ್ದರಿಂದಲೇ ಕಷ್ಟ.

ಊಹೆಗೆ ಹೆಚ್ಚು ನೆರವಾಗುವುದು, ವಿಚಿತ್ರವೆನಿಸಿದರೂ, ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಸಾಂಪ್ರದಾಯಿಕ ಚಿತ್ರಕಲೆ. ಬಿಳಿಸೀಸದ ಪುಡಿ, ರೇವಲಚಿನ್ನಿ, ಅಂಟುಗಳ ಮಿಶ್ರಣದಿಂದ ತೆಳುವಾದ ಉಬ್ಬು ಮೂಡಿಸಿ ಚಿನ್ನದ ರೇಕು ಹಚ್ಚುವ ಇಲ್ಲಿನ ಕ್ರಮ ಇಟಲಿಯದನ್ನು ನೆನಪಿಸುತ್ತದೆ. ಇಷ್ಟರಿಂದಲೇ ಪ್ರಭಾವದ ವಾದ ಹೂಡುವುದು ಅವಸರವಾದೀತು. ಚಿನ್ನ ನೆಲೆಗೊಳ್ಳುವ ಜಾಗವೇ ಬೇರೆ: ಕಿರೀಟ, ಆಭರಣ, ಸೆರಗಿನ ಅಂಚು, ಸಿಂಹಾಸನ, ಪ್ರಭಾವಳಿ. ಹಿಂದೆ ಸಾಮಾನ್ಯವಾಗಿ ಬಣ್ಣದ ಆಕಾಶವೋ ಮಂಟಪವೋ ಇರುತ್ತದೆ. ಮೈಸೂರಿನ ದೇವತೆ ಬೆಳಕನ್ನು ಧರಿಸಿರುತ್ತಾಳೆ. ಸಿಯೆನಾದ ಮರಿಯ ಬೆಳಕಿನೊಳಗೆ ಕುಳಿತಿರುತ್ತಾಳೆ.

ಈ ಭೇದ ಎದ್ದು ಕಾಣುವುದು ಪ್ರಭೆಯ ಚಿತ್ರಣದಲ್ಲಿ. ಮೈಸೂರಿನ ಪ್ರಭಾವಳಿ ಬಣ್ಣದ ಹಿನ್ನೆಲೆಯಿಂದ ತಾನಾಗಿ ಬೇರ್ಪಡುತ್ತದೆ. ಸಿಯೆನಾದಲ್ಲಿ ಪ್ರಭಾವಲಯವೂ ಚಿನ್ನ, ನೆಲವೂ ಚಿನ್ನ. ಎರಡರ ನಡುವಿನ ಗಡಿಯನ್ನು ಕಲಾವಿದ ಲೋಹದ ಅಚ್ಚುಗಳಿಂದ ಒತ್ತಿದ ಸಣ್ಣ ಸಣ್ಣ ಕುಳಿಗಳಿಂದ ಗುರುತಿಸುತ್ತಾನೆ.